ಸ್ಕ್ರೀನ್‌ಶಾಟ್ ಬಿಳಿಯಾಗಿ ಬಂತೇ, ಅರ್ಧವೇ ಬಂತೇ, ಅಕ್ಷರ ಬರಲಿಲ್ಲವೇ? ದೋಷ ಹುಡುಕುವ ಕ್ರಮ

ಬೆಳಿಗ್ಗೆ 6 ಗಂಟೆಗೆ ಸ್ಕ್ರಿಪ್ಟ್ ತಾನಾಗಿ ತೆಗೆದಿಡಬೇಕಿದ್ದ ವೆಬ್ ಪುಟದ ಸ್ಕ್ರೀನ್‌ಶಾಟ್ ಬರೀ ಬಿಳಿ ಹಾಳೆಯಾಗಿ ಬಂದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಟೈಮ್‌ಔಟನ್ನು (ಪುಟಕ್ಕಾಗಿ ಕಾಯುವ ಗಡುವನ್ನು) 30 ಸೆಕೆಂಡಿನಿಂದ 60ಕ್ಕೆ ಏರಿಸುವುದು. ಅದಕ್ಕೆ ಕೈ ಹಾಕಬೇಡಿ. ಸರಿಯಾದರೆ ಯಾಕೆ ಸರಿಯಾಯಿತೆಂದು ತಿಳಿಯುವುದಿಲ್ಲ, ಸರಿಯಾಗದಿದ್ದರೆ ಅದೇ ಬಿಳಿ ಹಾಳೆ ಅರ್ಧ ನಿಮಿಷ ತಡವಾಗಿ ಸಿಗುತ್ತದೆ.

ದೋಷ ಎಲ್ಲಿ ಎಂಬುದನ್ನು ಕೆಟ್ಟ ಚಿತ್ರವೇ ಹೇಳುತ್ತದೆ. ಫೈಲೇ ಬಂದಿಲ್ಲ ಎಂದರೆ ಹೆಚ್ಚಾಗಿ ಬ್ರೌಸರ್ ಎದ್ದಿಲ್ಲ. ಬಿಳಿ ಬಂದಿದ್ದರೆ ಬ್ರೌಸರ್ ಎದ್ದಿದೆ, ಪುಟ ತಲುಪಿಲ್ಲ ಅಥವಾ ತಲುಪಿದ್ದನ್ನು ತೆರೆಯ ಮೇಲೆ ಬಿಡಿಸುವ ಮೊದಲೇ ಚಿತ್ರ ತೆಗೆದಾಗಿದೆ. ಮೇಲ್ಭಾಗ ಸರಿ, ಕೆಳಗೆಲ್ಲ ಖಾಲಿ ಜಾಗ ಎಂದಾದರೆ ಒಳಗಿನ ಚಿತ್ರಗಳು ಯಾರಾದರೂ ಸ್ಕ್ರೋಲ್ ಮಾಡಲಿ ಎಂದು ಕಾಯುತ್ತಿವೆ. ಎಲ್ಲ ಸರಿ, ಕನ್ನಡ ಮಾತ್ರ ಬಾಕ್ಸ್ ಬಾಕ್ಸ್ ಎಂದರೆ ಫಾಂಟ್ ಇಲ್ಲ. ಹುಡುಕಬೇಕಾದ್ದು ಈ ಕ್ರಮದಲ್ಲಿ: ಬ್ರೌಸರ್, ಪುಟ, ಅಕ್ಷರ, ಕೊನೆಗೆ ಚಿತ್ರದ ಅಳತೆ.

ಮಂಗಳೂರು, ಉಡುಪಿಯಲ್ಲಿ ಈ ಕೆಲಸಕ್ಕೆ ಬೇಡಿಕೆ ಬೇರೆ ಬೇರೆ ಕಡೆಯಿಂದ ಉಂಟು. ಜೂನ್, ಜುಲೈಯಲ್ಲಿ ನಾಳೆ ಶಾಲೆಗೆ ಮಳೆ ರಜೆ ಎಂಬ ಸುಳ್ಳು ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವಾಗ, ಜಿಲ್ಲಾಡಳಿತದ ಪುಟದಲ್ಲಿ ಆ ಹೊತ್ತಿಗೆ ಏನಿತ್ತು ಎಂದು ತೋರಿಸಲು ಸುದ್ದಿ ಕಚೇರಿಗೆ ಗಂಟೆಗೊಂದು ಚಿತ್ರ ಬೇಕು. ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಜಾರಿಗೆ ಬಂದಾಗ ಅದನ್ನು ಮುದ್ರಿಸಿ ಲಾಡ್ಜಿನ ಕೌಂಟರಿನಲ್ಲಿ ಅಂಟಿಸಬೇಕು. ಯಕ್ಷಗಾನ ಮೇಳಗಳ ಇಂದಿನ ಆಟದ ಪಟ್ಟಿ, ದೇವಸ್ಥಾನದ ಸೇವೆಗಳ ದರಪಟ್ಟಿ, ಬಂದರಿಗೆ ಬರುವ ಹಡಗುಗಳ ಪಟ್ಟಿ, ಇವೆಲ್ಲ ಆಗಾಗ ಬದಲಾಗುವ ಪುಟಗಳು. ಹಳೆಯದು ಬೇಕೆಂದರೆ ತೆಗೆದಿಟ್ಟವರ ಬಳಿ ಮಾತ್ರ ಸಿಗುತ್ತದೆ. ಒಂದು ದಿನ ಬಿಳಿ ಹಾಳೆ ಬಂದರೆ ಆ ದಿನದ ದಾಖಲೆ ಹೋದಂತೆಯೇ, ಮರುದಿನ ತೆಗೆಯಲಾಗದು. ಆದ್ದರಿಂದ ದೋಷವನ್ನು ಬೇರಿನಲ್ಲೇ ಹಿಡಿಯಬೇಕು.

ಇಲ್ಲಿ ಹೇಳುವುದು ಮುಖ್ಯವಾಗಿ ಎರಡು ಉಪಕರಣಗಳ ಬಗ್ಗೆ: ಗೂಗಲ್‌ನ ಕ್ರೋಮ್ ತಂಡ 2017ರಲ್ಲಿ ಹೊರತಂದ ಪಪೆಟಿಯರ್ ಮತ್ತು ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಪ್ಲೇರೈಟ್. ಎರಡೂ ಕಿಟಕಿಯೇ ಇಲ್ಲದ ಬ್ರೌಸರನ್ನು, ಅಂದರೆ ಹೆಡ್‌ಲೆಸ್ ಕ್ರೋಮಿಯಂ ಅನ್ನು, ಸ್ಕ್ರಿಪ್ಟಿನಿಂದ ನಡೆಸುತ್ತವೆ. ಆಯ್ಕೆ ಮತ್ತು ಆಜ್ಞೆಗಳ ಹೆಸರನ್ನು ಉಚ್ಚಾರದಂತೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಬೇಕು.

ಮೊದಲು ಸಾಕ್ಷಿ ಕೂಡಿಸಿ

ಸ್ಕ್ರಿಪ್ಟ್ ಬರೀ ಚಿತ್ರವನ್ನು ಉಳಿಸುತ್ತಿದ್ದರೆ ದೋಷ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ. ಪ್ರತಿ ಸಲ ಚಿತ್ರದ ಜೊತೆಗೆ ಇನ್ನೂ ನಾಲ್ಕನ್ನು ಬರೆದಿಡಿ: ಸರ್ವರ್ ಕೊಟ್ಟ ಸ್ಟೇಟಸ್ ಕೋಡ್ (ಪುಟ ಸಿಕ್ಕಿತೋ ಇಲ್ಲವೋ ಎಂದು ಹೇಳುವ ಸಂಖ್ಯೆ), ಕೊನೆಗೆ ಬ್ರೌಸರ್ ಹೋಗಿ ನಿಂತ ವಿಳಾಸ, ಅದೇ ಕ್ಷಣದ ಪುಟದ ಎಚ್‌ಟಿಎಂಎಲ್, ಬ್ರೌಸರ್ ಕನ್ಸೋಲಿನಲ್ಲಿ ಬಿದ್ದ ಎರರ್‌ಗಳು.

ಎಚ್‌ಟಿಎಂಎಲ್ ಉಳಿಸಿದ್ದರ ಬೆಲೆ ಮೊದಲ ತೊಂದರೆಯಲ್ಲೇ ತಿಳಿಯುತ್ತದೆ. ಚಿತ್ರ ಬಿಳಿ, ಎಚ್‌ಟಿಎಂಎಲ್‌ನಲ್ಲಿ ರೈಲಿನ ಹೆಸರು, ಸಮಯ ಎಲ್ಲ ಇದೆ ಎಂದಾದರೆ ಪುಟ ಬಂದಿದೆ, ಬಿಡಿಸುವುದರಲ್ಲಿ ತೊಡಕು. ಎಚ್‌ಟಿಎಂಎಲ್‌ನಲ್ಲೂ ಖಾಲಿ ಡಿವ್ (ಪುಟದೊಳಗಿನ ಒಂದು ಚೌಕ) ಒಂದೇ ಇದ್ದರೆ ಜಾವಾಸ್ಕ್ರಿಪ್ಟ್ ಇನ್ನೂ ಮಾಹಿತಿ ತಂದಿಲ್ಲ. ಅದರಲ್ಲಿ ಲಾಗಿನ್ ಪುಟವೋ ತಡೆಯ ಸಂದೇಶವೋ ಇದ್ದರೆ ತೊಂದರೆ ನಿಮ್ಮ ಯಂತ್ರದಲ್ಲಿ ಇಲ್ಲವೇ ಇಲ್ಲ.

ಫೈಲಿನ ಗಾತ್ರವೂ ಒಳ್ಳೆಯ ಸಾಕ್ಷಿ. ಪ್ಲೇರೈಟ್‌ನ ಮಾಮೂಲು ಕಿಟಕಿ 1280 ಅಗಲ 720 ಎತ್ತರ, ಪಪೆಟಿಯರ್‌ನದ್ದು 800 ಮತ್ತು 600. ಈ ಅಳತೆಯ ಪೂರ್ತಿ ಬಿಳಿ ಪಿಎನ್‌ಜಿ ಕೆಲವೇ ಕೆಬಿ ತೂಗುತ್ತದೆ. ಬರಹ, ಚಿತ್ರ ಇರುವ ಪುಟ ಅದರ ಹತ್ತಾರು ಪಟ್ಟು. ಗಾತ್ರ 15 ಕೆಬಿಗಿಂತ ಕಡಿಮೆಯಾದರೆ ಎಚ್ಚರಿಕೆಯ ಸಂದೇಶ ಕಳಿಸುವ ಎರಡು ಸಾಲನ್ನು ಸ್ಕ್ರಿಪ್ಟಿಗೆ ಸೇರಿಸಿಬಿಡಿ. ವಾರ ಕಳೆದ ಮೇಲೆ ಏಳೂ ದಿನದ ಬಿಳಿ ಹಾಳೆ ನೋಡುವ ಗತಿ ತಪ್ಪುತ್ತದೆ.

ಬ್ರೌಸರ್ ಏಳದಿದ್ದರೆ

ಇಲ್ಲಿ ಎರರ್ ಸಂದೇಶವೇ ಸ್ಪಷ್ಟವಾಗಿ ಮಾತಾಡುತ್ತದೆ, ಓದಿದರೆ ಸಾಕು. ಶೇರ್ಡ್ ಲೈಬ್ರರಿ ಸಿಗಲಿಲ್ಲ, ಲಿಬ್‌ಎನ್‌ಎಸ್‌ಎಸ್3 ಇಲ್ಲ ಎಂದು ಬಂದರೆ ಲಿನಕ್ಸಿನಲ್ಲಿ ಕ್ರೋಮಿಯಂಗೆ ಬೇಕಾದ ಜೊತೆ ಪ್ಯಾಕೇಜುಗಳು ಇಲ್ಲ. ಪ್ಲೇರೈಟ್ ಆದರೆ ಇನ್‌ಸ್ಟಾಲ್-ಡೆಪ್ಸ್ ಆಜ್ಞೆ ಅಷ್ಟನ್ನೂ ಒಟ್ಟಿಗೆ ಹಾಕುತ್ತದೆ. ಆಲ್ಪೈನ್ ಲಿನಕ್ಸಿನ ಕಂಟೇನರಿನಲ್ಲಿ (ಯಂತ್ರದೊಳಗೆ ಪ್ರತ್ಯೇಕವಾಗಿ ಕಟ್ಟಿಟ್ಟ ಪುಟ್ಟ ವ್ಯವಸ್ಥೆಯಲ್ಲಿ) ಪ್ಲೇರೈಟ್‌ನ ಬ್ರೌಸರ್‌ಗಳು ಓಡುವುದಿಲ್ಲ. ಅಲ್ಲಿ ಹೆಣಗಾಡುವ ಬದಲು ಉಬುಂಟು ಅಥವಾ ಡೆಬಿಯನ್ ಆಧಾರದ ಇಮೇಜಿಗೆ (ಕಂಟೇನರಿನ ಅಚ್ಚಿಗೆ) ಬನ್ನಿ.

ಪಪೆಟಿಯರ್‌ನಲ್ಲಿ ರೂಟ್ ಆಗಿ, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ಬಳಕೆದಾರನಾಗಿ, ಓಡಿಸಿದರೆ ಕ್ರೋಮ್ ಸ್ಯಾಂಡ್‌ಬಾಕ್ಸ್ ಎಂಬ ರಕ್ಷಣೆಯ ಬೇಲಿ ಇಟ್ಟುಕೊಂಡು ಏಳುವುದಿಲ್ಲ ಎನ್ನುತ್ತದೆ. ನೋ-ಸ್ಯಾಂಡ್‌ಬಾಕ್ಸ್ ಎಂಬ ಆಯ್ಕೆ ಕೊಟ್ಟರೆ ಏಳುತ್ತದೆ ನಿಜ, ಆದರೆ ಯಾರದೋ ವೆಬ್‌ಸೈಟಿನ ಕೋಡು ನಿಮ್ಮ ಯಂತ್ರದಲ್ಲಿ ಬೇಲಿಯಿಲ್ಲದೆ ಓಡುತ್ತದೆ. ನಿಮ್ಮದೇ ಪುಟಗಳ ಪರೀಕ್ಷೆಗೆ ಪರವಾಗಿಲ್ಲ. ಹೊರಗಿನ ಪುಟಗಳಿಗೆ ಈ ಕೆಲಸಕ್ಕೆಂದೇ ಬೇರೆ ಬಳಕೆದಾರನನ್ನು ಮಾಡಿ ಆ ಹೆಸರಿನಲ್ಲಿ ಓಡಿಸುವುದೇ ಸರಿ.

ಎಕ್ಸಿಕ್ಯೂಟೆಬಲ್ ಸಿಗಲಿಲ್ಲ, ಅಥವಾ ಕ್ರೋಮಿನ ಇಂಥ ಆವೃತ್ತಿ ಸಿಗಲಿಲ್ಲ ಎಂದರೆ ಉಪಕರಣ ಅಪ್‌ಡೇಟ್ ಆಗಿದೆ, ಅದರ ಜೋಡಿ ಬ್ರೌಸರ್ ಇಳಿದಿಲ್ಲ. ಪ್ಲೇರೈಟ್‌ನ ಒಂದೊಂದು ಆವೃತ್ತಿಗೂ ಅದರದ್ದೇ ಬ್ರೌಸರ್ ಬೇಕು. ಇನ್‌ಸ್ಟಾಲ್ ಆಜ್ಞೆಯನ್ನು ಮತ್ತೊಮ್ಮೆ ಓಡಿಸಿ.

ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಇಲ್ಲ

ಹಗಲು ಕೂತು ಪರೀಕ್ಷಿಸಿದರೆ ಚಂದದ ಚಿತ್ರ, ಬೆಳಗಾಗುವಾಗ ಕ್ರಾನ್ (ಹೇಳಿದ ಹೊತ್ತಿಗೆ ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ಲಿನಕ್ಸಿನ ವ್ಯವಸ್ಥೆ) ತೆಗೆದದ್ದು ಇಲ್ಲವೇ ಇಲ್ಲ. ಇದಕ್ಕೆ ನೋಡಬೇಕಾದ ಸಂಗತಿ ಮೂರು.

ಒಂದು, ಬಳಕೆದಾರ. ಪಪೆಟಿಯರ್ ತಾನು ಇಳಿಸಿಕೊಂಡ ಕ್ರೋಮನ್ನು ಆಯಾ ಬಳಕೆದಾರನ ಹೋಮ್ ಫೋಲ್ಡರಿನ ಕ್ಯಾಶ್ ಒಳಗೆ ಇಡುತ್ತದೆ. ನೀವು ನಿಮ್ಮ ಹೆಸರಿನಲ್ಲಿ ಇನ್‌ಸ್ಟಾಲ್ ಮಾಡಿದ್ದು, ಕ್ರಾನ್ ಓಡುವುದು ರೂಟ್ ಹೆಸರಿನಲ್ಲಿ ಎಂದಾದರೆ ಅದು ಬೇರೆ ಮನೆಯಲ್ಲಿ ಹುಡುಕುತ್ತದೆ. ಎರಡು, ದಾರಿ. ಕ್ರಾನ್‌ಗೆ ಸಿಗುವ ಪಾತ್, ಅಂದರೆ ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿ, ತೀರ ಚಿಕ್ಕದು. ಸ್ಕ್ರಿಪ್ಟನ್ನು ಓಡಿಸುವ ನೋಡ್ ಪ್ರೋಗ್ರಾಂ ಎಲ್ಲಿದೆ ಎಂಬುದನ್ನು ಪೂರ್ತಿ ವಿಳಾಸ ಬರೆದೇ ಹೇಳಬೇಕು, ಚಿತ್ರ ಉಳಿಸುವ ಫೋಲ್ಡರನ್ನೂ ಹಾಗೆಯೇ. ಕ್ರಾನ್ ಸಾಲಿನ ಕೊನೆಯಲ್ಲಿ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದು ಲಾಗ್ ಫೈಲಿಗೆ ತಿರುಗಿಸಿ, ಉತ್ತರ ಮರುದಿನವೇ ಅಲ್ಲಿ ಬರೆದಿರುತ್ತದೆ.

ಮೂರನೆಯದು ಗಡಿಯಾರ, ಇದು ಹೆಚ್ಚು ಕಾಡುವಂಥದ್ದು. ಬಾಡಿಗೆ ಸರ್ವರ್‌ಗಳು, ಕಂಟೇನರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಮೂಲ ಸಮಯದಲ್ಲಿ ಇರುತ್ತವೆ. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಕ್ರಾನ್‌ನಲ್ಲಿ 6 ಗಂಟೆ ಎಂದು ಬರೆದರೆ ಅದು ಓಡುವುದು ನಮ್ಮ 11.30ಕ್ಕೆ. ಬೆಳಿಗ್ಗೆ 6ಕ್ಕೆ ಬೇಕಿದ್ದರೆ 0 ಗಂಟೆ 30 ನಿಮಿಷ ಎಂದು ಬರೆಯಬೇಕು. ಅಷ್ಟು ಸರಿಮಾಡಿದರೂ ಇನ್ನೊಂದು ಉಳಿಯುತ್ತದೆ. ಮೇಳಗಳ ಪಟ್ಟಿಯ ಪುಟ ಇಂದಿನ ದಿನಾಂಕವನ್ನು ಬ್ರೌಸರಿನ ಗಡಿಯಾರದಿಂದ ತೆಗೆದುಕೊಳ್ಳುತ್ತಿದ್ದರೆ, ಮಧ್ಯರಾತ್ರಿಯಿಂದ ಬೆಳಗಿನ 5.30ರ ತನಕ ಯುಟಿಸಿ ಬ್ರೌಸರ್‌ಗೆ ಇನ್ನೂ ನಿನ್ನೆಯೇ. 5 ಗಂಟೆಗೆ ತೆಗೆದ ಚಿತ್ರದಲ್ಲಿ ನಿನ್ನೆಯ ಆಟ ಕಾಣುತ್ತದೆ, ಪುಟ ಹಳೆಯದು ಎಂದು ತಪ್ಪು ತಿಳಿಯುತ್ತೇವೆ. ಪ್ಲೇರೈಟ್‌ನಲ್ಲಿ ಕಾಂಟೆಕ್ಸ್ಟ್ ತೆರೆಯುವಾಗ ಟೈಮ್‌ಝೋನ್ ಐಡಿಗೆ ಏಷ್ಯಾ/ಕೋಲ್ಕತಾ ಕೊಡಿ. ಪಪೆಟಿಯರ್‌ನಲ್ಲಿ ಎಮ್ಯುಲೇಟ್ ಟೈಮ್‌ಝೋನ್ ಎಂಬುದು ಅದೇ ಕೆಲಸ ಮಾಡುತ್ತದೆ.

ಬಿಳಿ ಹಾಳೆ ಮತ್ತು ಟೈಮ್‌ಔಟ್

ಎರಡೂ ಉಪಕರಣಗಳಲ್ಲಿ ಪುಟ ತೆರೆಯಲು ಕೊಡುವ ಮಾಮೂಲು ಗಡುವು 30 ಸೆಕೆಂಡ್. ಗಡುವು ಮೀರಿದ್ದು ಪುಟ ನಿಧಾನ ಎಂಬ ಕಾರಣಕ್ಕೇ ಎಂದು ತಿಳಿಯಬೇಡಿ. ಯಾವುದಕ್ಕಾಗಿ ಕಾಯಲು ಹೇಳಿದ್ದೀರಿ ಎಂಬುದನ್ನು ನೋಡಿ.

ನೆಟ್‌ವರ್ಕ್ ಐಡಲ್ ಎಂದು ಹೇಳಿದ್ದರೆ, 500 ಮಿಲಿಸೆಕೆಂಡ್ ಕಾಲ ಒಂದೂ ಸಂಪರ್ಕ ಚಾಲ್ತಿಯಲ್ಲಿ ಇಲ್ಲದ ಹೊತ್ತು ಬರಬೇಕು. ಪಪೆಟಿಯರ್‌ನಲ್ಲಿ ಐಡಲ್2 ಎಂದರೆ ಎರಡು ಸಂಪರ್ಕದ ತನಕ ಮಾಫಿ. ಪುಟದ ಮೂಲೆಯಲ್ಲಿ ಚಾಟ್ ಗುಂಡಿ, ಮೇಲೆ ಲೈವ್ ಸ್ಕೋರು, ಹಿಂದೆ ಎಣಿಕೆಯ ಸ್ಕ್ರಿಪ್ಟು ಇರುವ ಪುಟದಲ್ಲಿ ಆ ಅರ್ಧ ಸೆಕೆಂಡಿನ ಮೌನ ಬರುವುದೇ ಇಲ್ಲ. 30 ಕೊಟ್ಟರೂ 300 ಕೊಟ್ಟರೂ ಅಷ್ಟೇ. ಪ್ಲೇರೈಟ್‌ನವರೇ ಈ ಆಯ್ಕೆಯನ್ನು ಬಳಸಬೇಡಿ ಎನ್ನುತ್ತಾರೆ.

ಡಾಮ್‌ಕಂಟೆಂಟ್‌ಲೋಡೆಡ್ (ಪುಟದ ಎಚ್‌ಟಿಎಂಎಲ್ ಓದಿಯಾಯಿತು ಎಂಬ ಗುರುತು) ತನಕ ಕಾದು, ಆಮೇಲೆ ನಿಮಗೆ ಬೇಕಾದ ವಸ್ತುವೇ ಬರುವ ತನಕ ಕಾಯುವುದು ಸರಿಯಾದ ದಾರಿ. ವೇಳಾಪಟ್ಟಿಯ ಪುಟವಾದರೆ ಟೇಬಲಿನ ಸಾಲು. ಇಲ್ಲೂ ಒಂದು ಮೋಸ ಉಂಟು. ಹಲವು ಪುಟಗಳು ಮಾಹಿತಿ ಬರುವ ಮೊದಲು ಲೋಡ್ ಆಗುತ್ತಿದೆ ಎಂಬ ಒಂದು ಸಾಲನ್ನು ಅದೇ ಟೇಬಲಿನಲ್ಲಿ ಹಾಕಿಡುತ್ತವೆ. ಮೊದಲ ಸಾಲಿಗಾಗಿ ಕಾದರೆ ಆ ಸಾಲೇ ಸಿಕ್ಕಿ, ಸುತ್ತುವ ಚಕ್ರದ ಚಿತ್ರ ಬರುತ್ತದೆ. ಸಾಲುಗಳ ಸಂಖ್ಯೆ ಎರಡಕ್ಕಿಂತ ಹೆಚ್ಚಾಗುವ ತನಕ, ಅಥವಾ ಆ ಚಕ್ರ ಮಾಯವಾಗುವ ತನಕ ಕಾಯಿರಿ. ಇಷ್ಟು ಮಾಡಿದ ಮೇಲೂ ನಿಜಕ್ಕೂ ಸಾಲದೆ ಹೋದರೆ ಆಗ ಗಡುವು ಏರಿಸಿ, ತಪ್ಪಿಲ್ಲ.

ಸ್ಟೇಟಸ್ 403 ಅಥವಾ 429 ಇದ್ದರೆ ಕಾಯುವುದರಿಂದ ಏನೂ ಆಗದು. 429 ಎಂದರೆ ನೀವು ತೀರ ಬೇಗ ಬೇಗ ಕೇಳುತ್ತಿದ್ದೀರಿ. ಒಂದೇ ತಾಣದ ಪುಟಗಳ ನಡುವೆ 5ರಿಂದ 10 ಸೆಕೆಂಡ್ ಬಿಡಿ. 403 ಎಂದರೆ ಒಳಗೆ ಬಿಡುವುದಿಲ್ಲ ಎಂದು, ಅದಕ್ಕೆ ಕಾರಣ ನಿಮ್ಮ ಸರ್ವರ್ ಇರುವ ದೇಶವೂ ಆಗಿರಬಹುದು. ಕೆಲವು ಸರ್ಕಾರಿ ತಾಣಗಳು ಹೊರದೇಶದ ಐಪಿಯನ್ನು ಒಳಗೆ ಬಿಡುವುದಿಲ್ಲ. ಮಣಿಪಾಲದ ಕಚೇರಿಯಿಂದ ತೆರೆದರೆ ತೆರೆಯುತ್ತದೆ, ಸಿಂಗಪುರದ ಸರ್ವರಿನಿಂದ ತೆರೆದರೆ ಇಲ್ಲ ಎಂದರೆ ಅನುಮಾನವೇ ಬೇಡ, ಮುಂಬಯಿಯಲ್ಲಿರುವ ಸರ್ವರಿಗೆ ಬದಲಿಸಿ. ಹೆಡ್‌ಲೆಸ್ ಎಂಬ ಗುರುತು ನೋಡಿ ತಡೆಯುವ ತಾಣಗಳೂ ಇವೆ. ಗುರುತು ಮರೆಮಾಚುವ ಉಪಾಯಗಳು ಬೇಕಾದಷ್ಟು ಸಿಗುತ್ತವೆ, ಅವುಗಳ ಹಿಂದೆ ಹೋಗುವುದು ಬೇಡ. ತಾಣದವರು ಬೇಡವೆಂದದ್ದನ್ನು ಕದ್ದು ತೆಗೆದರೆ ಆ ಚಿತ್ರ ದಾಖಲೆಯಾಗಿಯೂ ಹೆಚ್ಚು ಕಾಲ ನಿಲ್ಲುವುದಿಲ್ಲ. ಅವರಿಗೇ ಬರೆದು ಕೇಳಿ, ಯಂತ್ರಗಳು ಯಾವ ಪುಟ ತೆರೆಯಬಹುದೆಂದು ತಿಳಿಸುವ ರೋಬೋಟ್ಸ್ ಫೈಲಿನಲ್ಲಿ ಏನು ಬರೆದಿದ್ದಾರೆಂದೂ ನೋಡಿ.

ರಜೆಯ ಆದೇಶ, ಟೆಂಡರು ಮುಂತಾದವು ಹೆಚ್ಚಾಗಿ ಪಿಡಿಎಫ್. ಅಂಥ ವಿಳಾಸವನ್ನು ನೇರ ತೆರೆದರೆ ಪಪೆಟಿಯರ್ ಇಆರ್‌ಆರ್ ಅಬಾರ್ಟೆಡ್ ಎನ್ನುತ್ತದೆ, ಪ್ಲೇರೈಟ್ ಡೌನ್‌ಲೋಡ್ ಶುರುವಾಗುತ್ತಿದೆ ಎನ್ನುತ್ತದೆ. ಅದಕ್ಕೆ ಸ್ಕ್ರೀನ್‌ಶಾಟ್ ಬೇಕಿಲ್ಲ. ಫೈಲನ್ನೇ ಇಳಿಸಿಕೊಂಡು, ಪಾಪ್ಲರ್ ಪ್ಯಾಕೇಜಿನ ಪಿಡಿಎಫ್‌ಟುಪಿಪಿಎಂ ಉಪಕರಣದಿಂದ 150 ಡಿಪಿಐಯಲ್ಲಿ ಪಿಎನ್‌ಜಿ ಮಾಡಿ. ಮೂಲ ಪಿಡಿಎಫ್ ಅನ್ನು ಅಳಿಸಬೇಡಿ, ದಾಖಲೆಗೆ ಬೆಲೆ ಇರುವುದು ಅದಕ್ಕೇ.

ಕನ್ನಡ ಅಕ್ಷರ ಕೆಟ್ಟಿದ್ದರೆ

ಹೊರಗಿನವರು ಬರೆದ ಕೈಪಿಡಿಗಳಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮಗೆ ಇದೇ ದೊಡ್ಡ ಅಧ್ಯಾಯ. ಅಕ್ಷರ ಕೆಡುವ ಬಗೆ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಬಗೆ ಗುರುತಿಸದೆ ಫಾಂಟ್ ಮೇಲೆ ಫಾಂಟ್ ಹಾಕುತ್ತ ಹೋದರೆ ಸಂಜೆಯಾಗುತ್ತದೆ.

ಬಾಕ್ಸ್ ಬಾಕ್ಸ್ ಕಂಡರೆ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲ. ಹಗುರ ಮಾಡಿದ ಕಂಟೇನರ್ ಇಮೇಜುಗಳಲ್ಲಿ ಫಾಂಟುಗಳು ಇರುವುದಿಲ್ಲ. ಎಫ್‌ಸಿ-ಲಿಸ್ಟ್ ಆಜ್ಞೆಗೆ ಲ್ಯಾಂಗ್ ಕೆಎನ್ ಎಂದು ಕೊಟ್ಟು ಓಡಿಸಿ. ಒಂದೂ ಸಾಲು ಬರದಿದ್ದರೆ ಖಚಿತ. ಉಬುಂಟು, ಡೆಬಿಯನ್‌ನಲ್ಲಿ ಫಾಂಟ್ಸ್-ನೋಟೋ-ಕೋರ್ ಹಾಕಿದರೆ ನೋಟೋ ಸಾನ್ಸ್ ಕನ್ನಡ ಬರುತ್ತದೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳಿಗೂ ಪ್ಯಾಕೇಜ್ ಉಂಟು. ಹಾಕಿದ ಮೇಲೆ ಎಫ್‌ಸಿ-ಕ್ಯಾಶ್ ಓಡಿಸಿ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಮೊದಲೇ ಎದ್ದಿದ್ದ ಬ್ರೌಸರ್ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ. ಸೇವಾ ದರಪಟ್ಟಿಯಲ್ಲಿ ₹ ಗುರುತು ಮಾತ್ರ ಬಾಕ್ಸ್ ಆಗಿದ್ದರೆ ಫಾಂಟ್ ಹಳೆಯದು. ಆ ಗುರುತು ಯೂನಿಕೋಡಿಗೆ, ಅಂದರೆ ಎಲ್ಲ ಲಿಪಿಗಳ ಅಕ್ಷರ ಸಂಕೇತಗಳ ಪಟ್ಟಿಗೆ, ಸೇರಿದ್ದೇ 2010ರಲ್ಲಿ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದ ಪುಟಗಳಿಗೆ ಬೇರೆ ಏನೂ ಬೇಡ. ತುಳು-ತಿಗಳಾರಿ ಲಿಪಿಯಲ್ಲೇ ಬರೆದಿದ್ದರೆ ಅದು ಯೂನಿಕೋಡಿಗೆ ಬಂದದ್ದು 2024ರ ಸೆಪ್ಟೆಂಬರಿನ 16.0 ಆವೃತ್ತಿಯಲ್ಲಿ, ಹಾಗಾಗಿ ಆ ಲಿಪಿಗೆಂದೇ ಮಾಡಿದ ಫಾಂಟನ್ನು ಪ್ರತ್ಯೇಕ ಹಾಕಬೇಕು.

ಬಾಕ್ಸ್ ಇಲ್ಲ, ಮೇಲೆ ಕೊಂಬು, ಚುಕ್ಕೆ ಇರುವ ವಿಚಿತ್ರ ಲ್ಯಾಟಿನ್ ಗುರುತುಗಳ ಸಾಲು ಬಂದಿದೆ ಎಂದರೆ ಎರಡು ಸಾಧ್ಯತೆ. ಸರಿಯಾಗಿ ಕಣ್ಣಿಟ್ಟು ನೋಡಿ. ಮೂರು ಮೂರು ಗುರುತಿನ ಗುಂಪುಗಳಾಗಿ, ಪ್ರತಿ ಗುಂಪೂ ಒಂದೇ ಗುರುತಿನಿಂದ ಶುರುವಾಗುತ್ತಿದ್ದರೆ ಅದು ಯುಟಿಎಫ್-8 ಎನ್‌ಕೋಡಿಂಗಿನ (ಅಕ್ಷರವನ್ನು ಬೈಟುಗಳಾಗಿ ಬರೆಯುವ ಕ್ರಮದ) ಬರಹವನ್ನು ಬೇರೆ ಎನ್‌ಕೋಡಿಂಗ್ ಎಂದು ಓದಿದ ಫಲ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಮೊದಲ ಬೈಟ್ ಎಲ್ಲಕ್ಕೂ ಒಂದೇ. ಪುಟದ ತಲೆಯಲ್ಲಿ ಕ್ಯಾರ್‌ಸೆಟ್ (ಎನ್‌ಕೋಡಿಂಗಿನ ಹೆಸರು) ಹೇಳಿಲ್ಲ, ಅಥವಾ ಸರ್ವರ್ ತಪ್ಪು ಹೇಳಿದೆ. ತಾಣ ನಿಮ್ಮದಾದರೆ ಅಲ್ಲೇ ಸರಿಪಡಿಸಿ. ಗುಂಪು ಗುಂಪಾಗಿಲ್ಲದೆ ಗುರುತುಗಳು ಹೇಗೆಂದರೆ ಹಾಗೆ ಬೆರೆತಿದ್ದರೆ, ಅದು ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ ಹಳೆಯ ಪುಟ. ಅಂಥದ್ದಕ್ಕೆ ನೋಟೋ ಹಾಕಿ ಪ್ರಯೋಜನವಿಲ್ಲ. ಪುಟ ಕೇಳುವ ಅದೇ ಹೆಸರಿನ ಹಳೆ ಫಾಂಟ್ ಹಾಕಿದರೆ ಮಾತ್ರ ಕನ್ನಡವಾಗಿ ಕಾಣುತ್ತದೆ.

ಮೂರನೆಯ ಬಗೆಯಲ್ಲಿ ಅಕ್ಷರ ಬರುತ್ತದೆ, ಒತ್ತು ಕೂರುವುದಿಲ್ಲ. ಇದನ್ನು ಪರೀಕ್ಷಿಸಲು ಒಂದು ಚಿಕ್ಕ ಎಚ್‌ಟಿಎಂಎಲ್ ಫೈಲ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಈ ಪದಗಳು ಸಾಕು: ಸ್ತ್ರೀ, ರಾಷ್ಟ್ರ, ಕ್ಷೇತ್ರ, ಯಜ್ಞ, ಕಾರ್ಯಕ್ರಮ, ಪರ್ಯಾಯ, ಶ್ರೀಕೃಷ್ಣ, ಮಂಗಳೂರು, ₹. 16 ಪಿಕ್ಸೆಲ್ ಮತ್ತು 32 ಪಿಕ್ಸೆಲ್ ಗಾತ್ರದಲ್ಲಿ, ಸಾದಾ ಮತ್ತು ದಪ್ಪ, ಎರಡೂ ಇರಲಿ. ಸ್ತ್ರೀ ಎಂಬಲ್ಲಿ ತಕಾರ, ರಕಾರ ಎರಡೂ ಸಕಾರದ ಕೆಳಗೆ, ಬದಿಗೆ ಸೇರಿರಬೇಕು, ಬಿಡಿಬಿಡಿಯಾಗಿ ನಿಂತಿರಬಾರದು. ಪರ್ಯಾಯದಲ್ಲಿ ಅರ್ಕಾವೊತ್ತು ಯಾಕಾರದ ಬಲಕ್ಕೆ ಬಂದಿರಬೇಕು. ಬಿಡಿಯಾಗಿದ್ದರೆ ಆ ಫಾಂಟಿನಲ್ಲಿ ಒತ್ತಕ್ಷರ ಜೋಡಿಸುವ ಕೋಷ್ಟಕ ಇಲ್ಲ, ಬೇರೆ ಫಾಂಟ್ ಬಳಸಿ. ಚುಕ್ಕೆಗಳ ವೃತ್ತವೊಂದು ಕಂಡು ಅದಕ್ಕೆ ಕೊಂಬೋ ದೀರ್ಘವೋ ಅಂಟಿಕೊಂಡಿದ್ದರೆ ಫಾಂಟನ್ನು ಬೈಯಬೇಡಿ. ಬರಹದಲ್ಲೇ ಸ್ವರಚಿಹ್ನೆ ತನ್ನ ವ್ಯಂಜನವನ್ನು ಕಳೆದುಕೊಂಡಿದೆ, ಟೈಪಿಸಿದವರು ತಿದ್ದಬೇಕು.

ಒತ್ತಿನ ಕೆಳತುದಿ ಕತ್ತರಿಸಿ ಹೋಗುವುದು ನಾಲ್ಕನೆಯದು. ಇಂಗ್ಲಿಷಿಗೆಂದು ಸಾಲಿನ ಎತ್ತರವನ್ನು ಬಿಗಿಯಾಗಿಟ್ಟು, ಹೊರಚಾಚಿದ್ದನ್ನು ಮರೆಮಾಡು ಎಂದು ಬರೆದ ಪುಟಗಳಲ್ಲಿ ರಾಷ್ಟ್ರದ ಬಾಲ ತುಂಡಾಗುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಫಾಂಟಿನಲ್ಲಿ ಸರಿ ಕಂಡದ್ದು ಲಿನಕ್ಸಿನ ನೋಟೋದಲ್ಲಿ ತುಂಡಾಗಬಹುದು, ಏಕೆಂದರೆ ಎರಡರ ಏರುತಗ್ಗಿನ ಅಳತೆ ಬೇರೆ. ಇದೇ ಕಾರಣಕ್ಕೆ ಎರಡು ಯಂತ್ರಗಳಲ್ಲಿ ತೆಗೆದ ಚಿತ್ರಗಳನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಹೋಲಿಸಿ ಪುಟ ಬದಲಾಗಿದೆ ಎಂದು ತೀರ್ಮಾನಿಸುವುದು ತಪ್ಪು. ಹೋಲಿಸುವುದಿದ್ದರೆ ಒಂದೇ ಕಂಟೇನರ್, ಒಂದೇ ಫಾಂಟು.

ಒಂದು ದಿನ ಚಂದದ ಫಾಂಟು, ಇನ್ನೊಂದು ದಿನ ಸಾದಾ ಫಾಂಟು ಎಂದು ಬದಲಾಗುತ್ತಿದ್ದರೆ ಪುಟ ತನ್ನ ಫಾಂಟನ್ನು ಇಂಟರ್ನೆಟ್ಟಿನಿಂದ ತರಿಸುತ್ತಿದೆ, ನೀವು ಅದು ತಲುಪುವ ಮೊದಲೇ ಚಿತ್ರ ತೆಗೆಯುತ್ತಿದ್ದೀರಿ. ಡಾಕ್ಯುಮೆಂಟ್ ಫಾಂಟ್ಸ್ ರೆಡಿ ಎಂಬುದಕ್ಕಾಗಿ ಕಾಯುವ ಒಂದು ಸಾಲನ್ನು ಸ್ಕ್ರೀನ್‌ಶಾಟಿನ ಹಿಂದಿನ ಸಾಲಾಗಿ ಸೇರಿಸಿ.

ಪುಟ ಕನ್ನಡದ ಬದಲು ಇಂಗ್ಲಿಷಿನಲ್ಲೇ ಬಂತೆಂದರೆ ಫಾಂಟಿಗೆ ಸಂಬಂಧವಿಲ್ಲ. ಬ್ರೌಸರಿನ ಭಾಷೆ ಅಮೆರಿಕದ ಇಂಗ್ಲಿಷ್ ಎಂದಿದೆ, ಲೊಕೇಲನ್ನು ಕೆಎನ್-ಐಎನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ತಾಣ ಭಾಷೆಯನ್ನು ಕುಕಿಯಲ್ಲಿ ಇಡುತ್ತದೆ. ಕನ್ನಡ ಎಂಬ ಗುಂಡಿಯನ್ನು ಸ್ಕ್ರಿಪ್ಟಿನಿಂದಲೇ ಒತ್ತಿಸಿ, ಕನ್ನಡ ಶೀರ್ಷಿಕೆ ಕಾಣುವ ತನಕ ಕಾಯಿರಿ.

ಕೆಳಗೆ ಖಾಲಿ, ಉದ್ದ ಪುಟದ ತೊಂದರೆ

ಪುಟವನ್ನು ಪೂರ್ತಿ ತೆಗೆಯುವ ಫುಲ್‌ಪೇಜ್ ಆಯ್ಕೆ ಕೊಟ್ಟರೂ ಕೆಳಗಿನ ಫೋಟೋಗಳ ಜಾಗ ಬೂದು ಅಥವಾ ಬಿಳಿ. ಇದು ಲೇಝಿ ಲೋಡಿಂಗ್. ಓದುಗ ಹತ್ತಿರ ಬಂದಾಗ ಮಾತ್ರ ಫೋಟೋ ತರುವುದು ಡೇಟಾ ಉಳಿಸಲು ಒಳ್ಳೆಯದೇ, ಆದರೆ ಇಲ್ಲಿ ಓದುಗನೇ ಇಲ್ಲ. ಸ್ಕ್ರಿಪ್ಟಿನಿಂದ ಓದುಗನಂತೆ ಇಳಿಯಿರಿ: ಒಂದು ಕಿಟಕಿ ಎತ್ತರ ಸ್ಕ್ರೋಲ್, 300 ಮಿಲಿಸೆಕೆಂಡ್ ವಿರಾಮ, ಮತ್ತೆ ಸ್ಕ್ರೋಲ್. ತಳ ಮುಟ್ಟಿದ ಮೇಲೆ ಎಲ್ಲ ಫೋಟೋಗಳೂ ಪೂರ್ತಿ ಬಂದಿವೆಯೇ ಎಂದು ಕೇಳಿ, ಮೇಲಕ್ಕೆ ಹಿಂತಿರುಗಿ, ಆಮೇಲೆ ಚಿತ್ರ ತೆಗೆಯಿರಿ. ಒಂದೇ ನೆಗೆತಕ್ಕೆ ತಳಕ್ಕೆ ಹೋದರೆ ನಡುವಿನವು ಹಾಗೇ ಉಳಿಯುತ್ತವೆ. ಇಳಿದಷ್ಟೂ ಹೊಸ ಸುದ್ದಿ ಸೇರಿಸುತ್ತ ಹೋಗುವ ಪುಟಕ್ಕೆ ತಳವೇ ಇಲ್ಲ, ಅಲ್ಲಿ 20 ಸ್ಕ್ರೋಲಿಗೆ ನಿಲ್ಲಿಸಿ ಎಂಬ ಮಿತಿ ಹಾಕಲೇಬೇಕು.

ಫುಲ್‌ಪೇಜ್ ಕೊಟ್ಟರೂ ಒಂದು ಕಿಟಕಿಯಷ್ಟೇ ಬಂತೆಂದರೆ ಸ್ಕ್ರೋಲ್ ಆಗುವುದು ಪುಟವಲ್ಲ, ಪುಟದೊಳಗಿನ ಒಂದು ಡಿವ್. ಹಡಗು ಪಟ್ಟಿಯಂಥ ಡ್ಯಾಶ್‌ಬೋರ್ಡುಗಳಲ್ಲಿ ಇದು ಮಾಮೂಲು. ಆ ಡಿವ್‌ನ ಸ್ಕ್ರೋಲ್ ಹೈಟ್ ಎಷ್ಟೆಂದು ಓದಿ, ಕಿಟಕಿಯ ಎತ್ತರವನ್ನೇ ಅಷ್ಟಕ್ಕೆ ಏರಿಸಿ.

ತೀರ ಉದ್ದದ ಪುಟದಲ್ಲಿ ಒಂದು ಹಂತದ ಕೆಳಗೆ ಮೇಲಿನ ಭಾಗವೇ ಮತ್ತೆ ಬರುವುದು ಅಥವಾ ಖಾಲಿ ಬರುವುದುಂಟು. ಎಲ್ಲಿಂದ ಕೆಟ್ಟಿದೆ ಎಂದು ಅಳೆದು ನೋಡಿ. 16,384ನೆಯ ಪಿಕ್ಸೆಲ್ಲಿನಲ್ಲಿ ಎಂದಾದರೆ ಅದು ಕ್ರೋಮ್ ಬಳಸುವ ಗ್ರಾಫಿಕ್ಸ್ ಟೆಕ್ಸ್‌ಚರಿನ ಮಿತಿ. ಪುಟದ ಒಂದು ಪಿಕ್ಸೆಲ್ಲಿಗೆ ಚಿತ್ರದಲ್ಲಿ ಉದ್ದಕ್ಕೆ, ಅಗಲಕ್ಕೆ ಎಷ್ಟು ಪಿಕ್ಸೆಲ್ ಎಂದು ಹೇಳುವ ಡಿವೈಸ್ ಸ್ಕೇಲ್ ಫ್ಯಾಕ್ಟರ್ 2 ಇದ್ದರೆ ಪುಟದ ಲೆಕ್ಕದಲ್ಲಿ 8,192ಕ್ಕೇ ಮುಗಿಯುತ್ತದೆ. 4,000 ಪಿಕ್ಸೆಲ್ಲಿನ ತುಂಡುಗಳಾಗಿ ತೆಗೆದು ಇಮೇಜ್‌ಮ್ಯಾಜಿಕ್‌ನ ಅಪೆಂಡ್ ಆಜ್ಞೆಯಿಂದ ಜೋಡಿಸಿ. ಉಬುಂಟು, ಡೆಬಿಯನ್‌ನ ಇಮೇಜ್‌ಮ್ಯಾಜಿಕ್‌ನಲ್ಲಿ ಪಾಲಿಸಿ ಫೈಲ್ ಎತ್ತರವನ್ನು 16 ಸಾವಿರದ ಆಸುಪಾಸಿಗೆ ಕಟ್ಟಿಹಾಕಿರುತ್ತದೆ, ಅದನ್ನೂ ಸಡಿಲಿಸಬೇಕು. ಉಳಿಸುವ ಬಗೆಗೂ ಮಿತಿ ಇದೆ: ವೆಬ್‌ಪಿ 16,383 ಪಿಕ್ಸೆಲ್ ದಾಟದು, ಜೆಪೆಗ್ 65,535. ಉದ್ದದ ಚಿತ್ರಕ್ಕೆ ಪಿಎನ್‌ಜಿಯೇ ಕ್ಷೇಮ, ಒತ್ತಕ್ಷರಗಳ ಅಂಚೂ ಅದರಲ್ಲಿ ಮಸುಕಾಗುವುದಿಲ್ಲ. ಜೋಡಿಸಿದ ಚಿತ್ರದಲ್ಲಿ ತಾಣದ ತಲೆಪಟ್ಟಿ ಪ್ರತಿ ತುಂಡಿಗೂ ಬಂದು ಕೂತಿದ್ದರೆ ಅದು ತೆರೆಗೆ ಅಂಟಿಸಿದ ಪಟ್ಟಿ. ಪೊಸಿಷನ್ ಫಿಕ್ಸ್‌ಡ್, ಸ್ಟಿಕಿ ಇರುವುದನ್ನೆಲ್ಲ ಸ್ಟ್ಯಾಟಿಕ್ ಮಾಡುವ ಎರಡು ಸಾಲಿನ ಸಿಎಸ್‌ಎಸ್ ಅನ್ನು ಮೊದಲೇ ಸೇರಿಸಿ. ಕುಕಿ ಒಪ್ಪಿಗೆಯ ಪೆಟ್ಟಿಗೆ, ಜಾಹೀರಾತಿನ ಪಾಪ್‌ಅಪ್‌ಗಳಿಗೂ ಇದೇ ಉಪಾಯ, ಡಿಸ್‌ಪ್ಲೇ ನನ್.

ಮುದ್ರಿಸುವ ಉದ್ದೇಶವಿದ್ದರೆ ಸ್ಕೇಲ್ 2 ಇಡಲೇಬೇಕು. 1280 ಅಗಲದ ಚಿತ್ರವನ್ನು 210 ಮಿಲಿಮೀಟರಿನ ಎ4 ಹಾಳೆಗೆ ಹರಡಿದರೆ ಇಂಚಿಗೆ 155 ಚುಕ್ಕೆ ಮಾತ್ರ, ಸಣ್ಣಕ್ಷರದ ಒತ್ತುಗಳು ಕಲೆಸಿಹೋಗುತ್ತವೆ. ಸ್ಕೇಲ್ 2ರಲ್ಲಿ 310 ಆಗುತ್ತದೆ.

ನಡುವೆ ಸಾಯುವ ಬ್ರೌಸರ್

ಪೇಜ್ ಕ್ರ್ಯಾಶ್ಡ್, ಟಾರ್ಗೆಟ್ ಕ್ಲೋಸ್ಡ್ ಎಂಬ ಸಂದೇಶ ಕೆಲವೊಮ್ಮೆ ಬಂದು ಕೆಲವೊಮ್ಮೆ ಬರದಿದ್ದರೆ ಮೆಮೊರಿಯನ್ನು ನೋಡಿ. ಡಾಕರ್ ಕಂಟೇನರಿಗೆ ಹಂಚಿಕೆಯ ಮೆಮೊರಿ ಮಾಮೂಲಾಗಿ ಸಿಗುವುದು 64 ಎಂಬಿ, ಭಾರದ ಪುಟ ತೆರೆದರೆ ಕ್ರೋಮ್ ಅಲ್ಲೇ ಕುಸಿಯುತ್ತದೆ. ಎಸ್‌ಎಚ್‌ಎಂ-ಸೈಜ್ 1 ಜಿಬಿ ಕೊಡಿ, ಅಥವಾ ಡಿಸೇಬಲ್-ಡೆವ್-ಎಸ್‌ಎಚ್‌ಎಂ-ಯೂಸೇಜ್ ಎಂಬ ಆಯ್ಕೆಯಿಂದ ಅದನ್ನು ಡಿಸ್ಕಿಗೆ ತಿರುಗಿಸಿ. 1280 ಅಗಲ, 16,384 ಎತ್ತರದ ಚಿತ್ರವೊಂದೇ ಬಿಚ್ಚಿದ ಸ್ಥಿತಿಯಲ್ಲಿ, ಪಿಕ್ಸೆಲ್ಲಿಗೆ 4 ಬೈಟಿನಂತೆ, ಸುಮಾರು 84 ಎಂಬಿ. 1 ಜಿಬಿ ಸರ್ವರಿನಲ್ಲಿ ಒಂದು ಸಲಕ್ಕೆ ಒಂದೇ ಪುಟ ತೆರೆಯಿರಿ. ಡಿಮೆಸೇಜ್ ಆಜ್ಞೆಯಲ್ಲಿ ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್ ಎಂದು ಕಂಡರೆ ಕರ್ನಲ್ಲೇ ಬ್ರೌಸರನ್ನು ಕೊಂದಿದೆ.

ಮೊದಲ ವಾರ ಚೆನ್ನಾಗಿ ನಡೆದು ಆಮೇಲೆ ನಿಧಾನವಾಗಿ ನಿಂತುಹೋದರೆ ಮುಚ್ಚದೆ ಬಿಟ್ಟ ಬ್ರೌಸರ್‌ಗಳು ಗುಡ್ಡೆ ಬಿದ್ದಿವೆ. ಪಿಎಸ್ ಆಜ್ಞೆಯಲ್ಲಿ ಎಷ್ಟು ಕ್ರೋಮ್ ಇವೆ ಎಣಿಸಿ. ಎರರ್ ಬಂದರೂ ಬ್ರೌಸರ್ ಮುಚ್ಚುವಂತೆ ಕ್ಲೋಸ್ ಸಾಲನ್ನು ಫೈನಲಿ ಒಳಗೆ ಇಡಿ, ಕಂಟೇನರನ್ನು ಇನಿಟ್ ಆಯ್ಕೆಯೊಂದಿಗೆ ಏಳಿಸಿ.

ಸರ್ವರ್ ಬಾಡಿಗೆಗೆ ಪಡೆಯದೆ ಕಚೇರಿಯ ಮೂಲೆಯಲ್ಲೊಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರಿಗೆ ಮಳೆಗಾಲದಲ್ಲಿ ಬರುವ ದೋಷವೇ ಬೇರೆ. ಗುಡುಗು ಸಿಡಿಲಿಗೆ ಕರೆಂಟು ಹೋಗಿ ಬಂದ ಮೇಲೆ ಎಲ್ಲ ಪುಟಗಳಿಗೂ ಸರ್ಟ್ ಡೇಟ್ ಇನ್‌ವ್ಯಾಲಿಡ್ ಎಂದು ಬರುತ್ತದೆ. ಎಲ್ಲ ತಾಣಗಳ ಪ್ರಮಾಣಪತ್ರವೂ ಒಟ್ಟಿಗೆ ಅವಧಿ ಮುಗಿಯುವುದು ಸಾಧ್ಯವಿಲ್ಲ, ಕೆಟ್ಟಿರುವುದು ನಿಮ್ಮ ಗಡಿಯಾರ. ಪೈ 4ರ ತನಕದ ಬೋರ್ಡುಗಳಲ್ಲಿ ಕರೆಂಟಿಲ್ಲದಾಗ ಸಮಯ ಹಿಡಿದಿಡುವ ಗಡಿಯಾರವೇ ಇಲ್ಲ. ಪೈ 5ರಲ್ಲಿ ಉಂಟು, ಬ್ಯಾಟರಿಯನ್ನು ಪ್ರತ್ಯೇಕ ಸಿಕ್ಕಿಸಬೇಕು. ಪೈ ಎದ್ದಾಗ ರೌಟರ್ ಇನ್ನೂ ಎದ್ದಿರುವುದಿಲ್ಲ, ಇಂಟರ್ನೆಟ್ಟಿನಿಂದ ಸಮಯ ಸಿಗುವ ತನಕ ಅದು ಹಳೆಯ ದಿನಾಂಕದಲ್ಲೇ ಇರುತ್ತದೆ. ಎಚ್‌ಟಿಟಿಪಿಎಸ್ ಎರರ್‌ಗಳನ್ನು ಕಡೆಗಣಿಸು ಎಂಬ ಆಯ್ಕೆ ಒತ್ತಿ ಮುಂದೆ ಹೋಗಬೇಡಿ, ಫೈಲಿನ ಹೆಸರಿನಲ್ಲಿ ತಪ್ಪು ದಿನಾಂಕ ಬಿದ್ದು ದಾಖಲೆಯೇ ಅಡಿಮೇಲಾಗುತ್ತದೆ. ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಲ್ಲಿ ಸಿಸ್ಟಂ ಕ್ಲಾಕ್ ಸಿಂಕ್ರೊನೈಸ್ಡ್ ಎಂಬ ಸಾಲಿಗೆ ಯೆಸ್ ಬಂದಿದೆಯೇ ನೋಡಿ, ಬಾರದಿದ್ದರೆ ಒಂದು ನಿಮಿಷ ಕಾದು ಮತ್ತೆ ನೋಡುವಂತೆ ಸ್ಕ್ರಿಪ್ಟಿನ ಮೊದಲ ಸಾಲುಗಳನ್ನು ಬರೆಯಿರಿ. ಪೈಗೂ ರೌಟರಿಗೂ ಒಂದೇ ಚಿಕ್ಕ ಯುಪಿಎಸ್ ಕೊಟ್ಟರೆ ಸಣ್ಣಪುಟ್ಟ ಕರೆಂಟು ಕಡಿತಕ್ಕೆ ಈ ಸಾಲುಗಳ ಸರದಿಯೇ ಬರುವುದಿಲ್ಲ.